ಸೂರ್ಯಮಿತ್ರನ ಎರಡು ಮಾತು

ವಡ್ಡಾರಾಧನೆಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಅದನ್ನು ಓದಿದವರ, ಪ್ರವಚನಗಳಲ್ಲಿ ಕೇಳಿದವರ ನೆನಪಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಎರಡು ಚಿತ್ರಗಳು. ಒಂದು, ದೀಪದ ಬೆಳಕನ್ನೂ ತಾಳಲಾರದಷ್ಟು ಕೋಮಲವಾಗಿ ಬೆಳೆದ ಉಜ್ಜಯಿನಿಯ ಶ್ರೇಷ್ಠಿಪುತ್ರನ ಸುಖಜೀವನ. ಮತ್ತೊಂದು, ಅದೇ ಕೋಮಲ ದೇಹವನ್ನು ನರಿಯೊಂದು ತನ್ನ ಮರಿಗಳೊಡನೆ ಮೂರು ರಾತ್ರಿ ತಿನ್ನುತ್ತಿದ್ದರೂ ಅವಿಚಲಿತವಾಗಿ ಸೈರಿಸಿದ ಧೀರತೆ. ಉಪಸರ್ಗವನ್ನು ಗೆದ್ದವರ ಕಥೆಗಳ ಸಂಗ್ರಹದಲ್ಲಿ ಹೀಗಾಗುವುದು ಸಹಜ. ಆದರೆ ಈ ಎರಡು ಚಿತ್ರಗಳೂ ಬರುವುದು ಕಥೆಯ ಉತ್ತರಭಾಗದಲ್ಲಿ. ಅದಕ್ಕೆ ಮೊದಲು ಬಹು ದೀರ್ಘವಾದ ಪೂರ್ವಭವಗಳ ವೃತ್ತಾಂತವಿದೆ. ಅದನ್ನು ಕರ್ಮಫಲದ ಪಟ್ಟಿಯೆಂದು ತಿಳಿದು ಬೇಗಬೇಗನೆ ದಾಟಿಹೋಗುವ ರೂಢಿ ನಮ್ಮಲ್ಲಿ ಬೆಳೆದಿದೆ. ದಾಟದೆ ಅಲ್ಲೇ ನಿಂತು ನೋಡಿದರೆ ತಿಳಿಯುವುದು ಇಷ್ಟು: ಆ ವೃತ್ತಾಂತದ ಉದ್ದಕ್ಕೂ ಇರುವವನು ಸುಕುಮಾರನಲ್ಲ, ಒಬ್ಬ ಉಪಾಧ್ಯಾಯ. ಅವನ ಹೆಸರು ಸೂರ್ಯಮಿತ್ರ.

ಈ ಕಥೆಗೆ ಮೂಲವಾದುದು ಶಿವಾರ್ಯರ ಭಗವತೀ ಆರಾಧನೆಯ ಒಂದು ಪ್ರಾಕೃತ ಗಾಹೆ. ಅವಂತಿಯ ಸುಕುಮಾರನು ಮೂರು ರಾತ್ರಿ ನರಿಯಿಂದ ಭಕ್ಷಿತನಾಗಿ ಘೋರವೇದನೆಯನ್ನು ಪಟ್ಟರೂ ಆರಾಧನೆಯನ್ನು ಸಾಧಿಸಿದನೆಂಬುದಷ್ಟೇ ಅದರ ತಾತ್ಪರ್ಯ. ಅಲ್ಲಿ ಗುರುವಿಲ್ಲ, ಶಿಷ್ಯರಿಲ್ಲ, ರಾಜಗೃಹವಿಲ್ಲ. ಎರಡು ಸಾಲಿನ ಈ ಬೀಜವನ್ನು ಕಥೆಗಾರರ ಪರಂಪರೆ ಮರವಾಗಿ ಬೆಳೆಸಿತು. ಸಂಸ್ಕೃತದಲ್ಲಿ ಹರಿಷೇಣನ ಬೃಹತ್ಕಥಾಕೋಶದ ಪದ್ಯಗಳಲ್ಲಿಯೂ, ಕನ್ನಡದಲ್ಲಿ ಶಿವಕೋಟ್ಯಾಚಾರ್ಯರ ಗದ್ಯದಲ್ಲಿಯೂ, ಆಮೇಲೆ ಕ್ರಿ.ಶ. 1068ರಲ್ಲಿ ಶಾಂತಿನಾಥನ ಚಂಪೂಕಾವ್ಯದಲ್ಲಿಯೂ ಆ ಮರ ಬೇರೂರಿತು. ಗ್ರಂಥದ ನಿಜವಾದ ಹೆಸರೇನು, ಕರ್ತೃ ಯಾರು ಎಂಬ ಚರ್ಚೆಯಲ್ಲಿ ನಮ್ಮ ವಿದ್ವಾಂಸರು ಬಹಳ ಶಾಯಿಯನ್ನು ಖರ್ಚು ಮಾಡಿದ್ದಾರೆ. ಅದು ಅವಶ್ಯವೂ ಹೌದು. ಆದರೆ ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಪರಿಷ್ಕರಿಸಿ ಕೈಗಿತ್ತ ಪಾಠವನ್ನು ಹಿಡಿದು, ಅದರೊಳಗಿನ ಮನುಷ್ಯರು ಪರಸ್ಪರ ಹೇಗೆ ನಡೆದುಕೊಂಡರೆಂದು ವಿಚಾರಿಸುವ ಕೆಲಸ ಅಷ್ಟಾಗಿ ನಡೆದಿಲ್ಲ. ಮರಣವನ್ನು ಹೇಳಲು ಹೊರಟ ಕಥೆಗೆ ಒಂದು ಪಾಠಶಾಲೆಯ ವೃತ್ತಾಂತ ಏಕೆ ಬೇಕಾಯಿತು?

ಕೌಶಂಬಿಯ ಅರಸನ ಪುರೋಹಿತ ಸೋಮಶರ್ಮ. ಅವನಿಗೂ ಕಾಶ್ಯಪಿಗೂ ಅಗ್ನಿಭೂತಿ, ವಾಯುಭೂತಿ ಎಂಬ ಇಬ್ಬರು ಮಕ್ಕಳು. ತಂದೆ ವೇದವೇದಾಂಗಗಳಲ್ಲಿ ಪಾರಂಗತ. ಮಕ್ಕಳು ಸುಖದಲ್ಲಿ ಬೆಳೆದು ಒಂದಕ್ಷರವನ್ನೂ ಕಲಿಯದೆ ದುರ್ವ್ಯಸನಿಗಳಾದರು. ತಂದೆ ತೀರಿಕೊಂಡ ಮೇಲೆ ಆಸ್ಥಾನಕ್ಕೆ ಬಂದ ವಾದಿಯೊಬ್ಬನಿಗೆ ಉತ್ತರ ಹೇಳಲು ಇವರಿಂದಾಗಲಿಲ್ಲ. ದಾಯಾದಿಯೊಬ್ಬ ಗೆದ್ದು ಪುರೋಹಿತ ಪದವಿಯನ್ನು ಪಡೆದ. ಮಕ್ಕಳಿಗೆ ನಾಚಿಕೆಯಾಯಿತು. ಆಗ ತಾಯಿ, ಮಗಧದ ರಾಜಗೃಹದಲ್ಲಿ ತನ್ನ ಸೋದರ ಸೂರ್ಯಮಿತ್ರನಿದ್ದಾನೆ, ಅಲ್ಲಿಗೆ ಹೋಗಿ ಓದಿರಿ ಎಂದಳು. ಇವರು ಹೋದರು, ಸಂಬಂಧವನ್ನು ಹೇಳಿಕೊಂಡರು. ಅವನು ಕೊಟ್ಟ ಉತ್ತರ ವಿಲಕ್ಷಣವಾದುದು: ತನಗೆ ತಂಗಿಯೇ ಇಲ್ಲ, ನೀವು ಅಳಿಯಂದಿರೂ ಅಲ್ಲ, ಊರಿನಲ್ಲಿ ಭಿಕ್ಷೆ ಬೇಡಿ ಉಂಡು ಓದುವುದಾದರೆ ಓದಿಸುತ್ತೇನೆ.

ಇದು ಸೂರ್ಯಮಿತ್ರನ ಮೊದಲ ಮಾತು. ಮನಸ್ಸಿನಲ್ಲಿ ಅವನು ಮಾಡಿದ ಆಲೋಚನೆಯನ್ನು ಕಥೆಗಾರ ಮುಚ್ಚಿಡುವುದಿಲ್ಲ. ಮಾವನೆಂದು ಒಪ್ಪಿಕೊಂಡರೆ ಹುಡುಗರು ಸಲಿಗೆ ಬೆಳೆಸುತ್ತಾರೆ, ಕೌಶಂಬಿಯಲ್ಲಿ ಕೆಟ್ಟಂತೆ ಇಲ್ಲಿಯೂ ಕೆಡುತ್ತಾರೆ ಎಂಬುದು ಅವನ ಎಣಿಕೆ. ಎಣಿಕೆ ಫಲಿಸಿತು. ಏಳೆಂಟು ವರ್ಷಗಳಲ್ಲಿ ಇಬ್ಬರೂ ಸಕಲ ಶಾಸ್ತ್ರಗಳನ್ನೂ ಕಲಿತರು. ಹೊರಡುವ ದಿನ ಅವನು ಅವರಿಗೆ ಉಡುಗೊರೆಯಿತ್ತು ಆದರಿಸಿ, ತಾನೇ ಮಾವನೆಂದೂ, ನಿಮ್ಮ ಒಳಿತಿಗಾಗಿಯೇ ಹೀಗೆ ಮಾಡಿದೆನೆಂದೂ ತಿಳಿಸಿದನು. ಅಗ್ನಿಭೂತಿಗೆ ಕಣ್ಣು ತೆರೆದಂತಾಯಿತು. ಇದಕ್ಕಿಂತ ದೊಡ್ಡ ಉಪಕಾರವಿಲ್ಲವೆಂದುಕೊಂಡ. ವಾಯುಭೂತಿಗೆ ಒಳಗೇ ಬೆಂಕಿ ಹತ್ತಿತು. ಇಷ್ಟೊಂದು ಸಿರಿಯಿದ್ದ ಮಾವ ತಮ್ಮನ್ನು ಮನೆಮನೆ ತಿರುಗಿಸಿ ತಿರಿದುಣ್ಣುವಂತೆ ಮಾಡಿದನಲ್ಲಾ ಎಂಬ ಕೋಪ ಅವನಲ್ಲಿ ಬೇರೂರಿತು.

ಪಾಠಶಾಲೆಗಳ ವಾರ್ಷಿಕೋತ್ಸವಗಳಲ್ಲಿ, ಗುರುಪೂರ್ಣಿಮೆಯ ಭಾಷಣಗಳಲ್ಲಿ ಈ ಪ್ರಸಂಗವನ್ನು ಉದಾಹರಿಸುವವರು ಹೇಳುವ ನೀತಿ ಒಂದೇ. ಗುರು ಕಠಿಣನಾದರೂ ಅವನ ಹೃದಯ ಮೃದು. ಗುರುನಿಂದೆ ಮಾಡಿದ ವಾಯುಭೂತಿ ಕುಷ್ಠರೋಗದಿಂದ ಸತ್ತು ಹೀನಜನ್ಮಗಳಲ್ಲಿ ತೊಳಲಿದ. ಆದುದರಿಂದ ಮಕ್ಕಳೇ, ಗುರುಗಳು ಗದರಿಸಿದರೆ ಸಹಿಸಿಕೊಳ್ಳಿರಿ. ಕೇಳಲು ಇಂಪಾಗಿದೆ, ಹೇಳುವವರಿಗಂತೂ ಬಹಳ ಅನುಕೂಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ತನ್ನ 17ನೆಯ ಪ್ರಕರಣದಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ ಮೇಲೂ ಬೆತ್ತವನ್ನು ಸಮರ್ಥಿಸುವವರು ಇಂತಹ ಕಥೆಗಳ ಆಶ್ರಯಕ್ಕೆ ಬರುವುದುಂಟು. ಆದರೆ ಸೂರ್ಯಮಿತ್ರ ಆ ಹುಡುಗರನ್ನು ಹೊಡೆದನೆಂದಾಗಲಿ ಹೀನಾಯವಾಗಿ ನುಡಿದನೆಂದಾಗಲಿ ಕಥೆಯಲ್ಲಿಲ್ಲ. ಅವನು ಮಾಡಿದ ಕಾಠಿಣ್ಯ ಬೇರೆಯ ಬಗೆಯದು: ತಾನು ಯಾರೆಂಬುದನ್ನು ಬಚ್ಚಿಟ್ಟುಕೊಂಡದ್ದು. ಗುರುವಿನ ಅಲಕ್ಷ್ಯವನ್ನೂ ಗುರುವಿನ ಸಂಯಮವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರಿಗೆ ಈ ಕಥೆಯಿಂದ ಸಾಕ್ಷ್ಯ ಸಿಗಲಾರದು.

ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಸೂರ್ಯಮಿತ್ರನ ಆ ಮಾತು ಸುಳ್ಳು. ಇದ್ದ ತಂಗಿಯನ್ನು ಇಲ್ಲವೆಂದ, ಅಳಿಯಂದಿರನ್ನು ಅಲ್ಲವೆಂದ. ಇರುವುದನ್ನು ಇಲ್ಲವೆನ್ನುವುದು ಅಸತ್ಯದ ಮೊದಲ ಪ್ರಕಾರವೆಂದು ಶ್ರಾವಕಾಚಾರವನ್ನು ಓದಿದ ಯಾರೂ ಬಲ್ಲರು. ಆಗಿನ್ನೂ ಅವನು ವ್ರತಧಾರಿಯಲ್ಲ, ಜೈನನೂ ಅಲ್ಲ ಎಂದು ಸಮಾಧಾನ ಹೇಳಬಹುದು. ಉದ್ದೇಶ ಒಳ್ಳೆಯದೆಂದೂ ಹೇಳಬಹುದು. ಅಹಿಂಸೆಯನ್ನು ಕಾಪಾಡುವ ಸಲುವಾಗಿ ಆಡದೆ ಉಳಿಸಿಕೊಂಡ ಸತ್ಯವಿದು ಎನ್ನುವ ಜಾಣತನವೂ ನಮ್ಮಲ್ಲಿ ಇಲ್ಲದಿಲ್ಲ. ಕಥೆಗಾರನು ಈ ಯಾವ ವಕಾಲತ್ತನ್ನೂ ವಹಿಸುವುದಿಲ್ಲ. ಆ ಮಾತನ್ನು ಖಂಡಿಸದೆ, ಹೊಗಳದೆ, ಅದರ ಪರಿಣಾಮವನ್ನು ಮಾತ್ರ ಮುಂದಿಡುತ್ತಾನೆ. ಒಂದೇ ಮಾತು, ಒಂದೇ ಪಾಠ, ಒಂದೇ ಭಿಕ್ಷಾನ್ನ. ಒಬ್ಬನಲ್ಲಿ ಕೃತಜ್ಞತೆ, ಇನ್ನೊಬ್ಬನಲ್ಲಿ ದ್ವೇಷ.

ವಾಯುಭೂತಿಯ ಕಡೆಯಿಂದ ಒಮ್ಮೆ ನೋಡುವುದು ನ್ಯಾಯ. ಏಳೆಂಟು ವರ್ಷ ಅವನು ಅನಾಥನಂತೆ ಪರಸ್ಥಳದಲ್ಲಿ ಬದುಕಿದ. ಗುರುವಿನ ಮನಸ್ಸಿನಲ್ಲಿ ತನ್ನ ಹೆಸರಿನ ಮುಂದೆ ಪ್ರೀತಿ ಜಮೆಯಾಗುತ್ತಿತ್ತೆಂಬುದು ಅವನಿಗೆ ಹೇಗೆ ತಿಳಿಯಬೇಕು? ಖಾತೆಯನ್ನು ಬರೆದುಕೊಂಡವನು ಗುರುವೊಬ್ಬನೇ. ಪುಸ್ತಕವನ್ನು ತೆರೆದು ತೋರಿಸಿದ್ದು ಕೊನೆಯ ದಿನ. ವ್ಯವಹಾರ ಬಲ್ಲವರು ಒಪ್ಪುವ ಮಾತೊಂದಿದೆ: ಎರಡು ಕಡೆಯವರೂ ಕಾಲಕಾಲಕ್ಕೆ ನೋಡದ ಲೆಕ್ಕ ಎಷ್ಟೇ ಪ್ರಾಮಾಣಿಕವಾಗಿದ್ದರೂ ಕಡೆಗೆ ಜಗಳಕ್ಕೆ ಕಾರಣವಾಗುತ್ತದೆ. ಸೂರ್ಯಮಿತ್ರ ಆ ಹುಡುಗರ ವಿದ್ಯೆಯ ಮೇಲೆ ಪೂರ್ಣ ನಿಗಾ ಇಟ್ಟಿದ್ದ. ಇಲ್ಲದಿದ್ದರೆ ಅಂತಹ ಮೂರ್ಖರು ಅಂತಹ ಪಂಡಿತರಾಗುತ್ತಿರಲಿಲ್ಲ. ಆದರೆ ಇಬ್ಬರ ಸ್ವಭಾವದ ಮೇಲೆ ನಿಗಾ ಇಟ್ಟಿದ್ದನೇ? ಅಣ್ಣನ ಮನಸ್ಸು ಕಹಿ ಔಷಧವನ್ನು ನುಂಗಿ ಅರಗಿಸಿಕೊಳ್ಳಬಲ್ಲುದು, ತಮ್ಮನದು ಕಕ್ಕುವಂತಹುದು ಎಂಬುದನ್ನು ಅಷ್ಟು ದೀರ್ಘಕಾಲದಲ್ಲಿ ಅವನು ಗುರುತಿಸಲಿಲ್ಲ. ಅವನ ತಪ್ಪು ಕಠಿಣನಾದದ್ದಲ್ಲ. ಇಬ್ಬರಿಗೂ ಒಂದೇ ರೀತಿ ಕಠಿಣನಾದದ್ದು.

ಇದಕ್ಕೆ ಎದುರಾಗಿ ನಮ್ಮ ಪರಂಪರೆಯಲ್ಲೇ ಇರುವ ಇನ್ನೊಂದು ಪಾಠಶಾಲೆಯನ್ನು ನೆನೆಯಬಹುದು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆದಿದೇವನು ಬ್ರಾಹ್ಮಿ ಸೌಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅಕ್ಷರವನ್ನೂ ಅಂಕಿಯನ್ನೂ ಕಲಿಸುತ್ತಾನೆ. ಆಮೇಲೆ ಗಂಡುಮಕ್ಕಳ ಸರದಿ. ಭರತನಿಗೆ ಅರ್ಥಶಾಸ್ತ್ರ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ, ಆನೆಕುದುರೆಗಳ ಲಕ್ಷಣ, ರತ್ನಪರೀಕ್ಷೆ. ಒಂದೇ ಮನೆಯ ಮಕ್ಕಳು, ಒಬ್ಬನೇ ಗುರು. ಪಾಠ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಪುರಾಣಕಾರರು ವಿದ್ಯೆಗಳ ಪಟ್ಟಿಯನ್ನು ಕೊಡಲೆಂದೇ ಈ ಭಾಗವನ್ನು ಬರೆದಿರಬಹುದು. ಆದರೂ ಮಗುವನ್ನು ನೋಡಿ ಪಾಠವನ್ನು ಆರಿಸುವ ಗುರುವಿನ ಚಿತ್ರ ಅದರಲ್ಲಿ ತಾನಾಗಿ ಮೂಡಿದೆ. ತೊಡೆಯ ಮೇಲಿನ ಪಾಠ ಒಂದು ತುದಿ, ತಿರಿದುಣ್ಣಿಸುವ ಪಾಠ ಇನ್ನೊಂದು ತುದಿ. ಮೊದಲನೆಯದನ್ನೇ ಎಲ್ಲ ಕಡೆಯೂ ಅನುಸರಿಸಬೇಕೆಂದರೆ ಸೋಮಶರ್ಮನ ಮನೆಯ ಗತಿಯಾದೀತು. ಅಲ್ಲಿ ತೊಡೆಯಿತ್ತು, ಪಾಠವಿರಲಿಲ್ಲ.

ಇಲ್ಲಿಗೆ ಸೂರ್ಯಮಿತ್ರನ ಕಥೆ ಮುಗಿದಿದ್ದರೆ ಅವನೊಬ್ಬ ಸಮರ್ಥ, ಆದರೆ ಅಪೂರ್ಣ ಉಪಾಧ್ಯಾಯನೆನ್ನಿಸಿಕೊಂಡು ಉಳಿಯುತ್ತಿದ್ದ. ಕಥೆಗಾರನ ದೊಡ್ಡತನವಿರುವುದು ಈ ಗುರುವನ್ನು ಮತ್ತೆ ಶಿಷ್ಯನನ್ನಾಗಿ ಮಾಡಿದುದರಲ್ಲಿ. ರಾಜಗೃಹದ ಅರಸನು ಅವನ ಕೈಗೆ ಕೊಟ್ಟಿದ್ದ ಉಂಗುರ ಕಳೆದುಹೋಗುತ್ತದೆ. ಅರಸನ ಒಡವೆ, ಮರುದಿನ ಲೆಕ್ಕ ಒಪ್ಪಿಸಬೇಕು. ಗಾಬರಿಗೊಂಡ ಪುರೋಹಿತ ಊರ ಹೊರಗೆ ಬಿಜಯಂಗೈದಿದ್ದ ಸುಧರ್ಮಾಚಾರ್ಯರ ಬಳಿಗೆ ಹೋಗುತ್ತಾನೆ. ಅವರು ಅವಧಿಜ್ಞಾನದಿಂದ ತಿಳಿದು, ಅರ್ಘ್ಯ ಕೊಡುವಾಗ ಕೊಳದ ತಾವರೆಯೊಳಗೆ ಬಿದ್ದಿದೆಯೆಂದು ಹೇಳುತ್ತಾರೆ. ಉಂಗುರ ಸಿಗುತ್ತದೆ. ಉಂಗುರ ಸಿಕ್ಕವನಿಗೆ ಆಸೆ ಹುಟ್ಟುತ್ತದೆ: ಈ ವಿದ್ಯೆಯನ್ನು ಕಲಿತರೆ ಎಷ್ಟು ಲಾಭ! ಅದನ್ನು ಕಲಿಸಿರೆಂದು ಕೇಳುತ್ತಾನೆ. ನಮ್ಮಂತೆ ಆಗದೆ ಅದು ಬಾರದು ಎನ್ನುತ್ತಾರೆ ಆಚಾರ್ಯರು. ಸರಿ, ವಿದ್ಯೆಯನ್ನು ಪಡೆದು ಹಿಂದಿರುಗೋಣವೆಂದು ಅವನು ದೀಕ್ಷೆಯನ್ನೇ ಪಡೆಯುತ್ತಾನೆ.

ಸುಧರ್ಮಾಚಾರ್ಯರು ಅವಧಿಜ್ಞಾನಿಗಳು. ಕೊಳದ ತಾವರೆಯೊಳಗಿನ ಉಂಗುರವನ್ನು ಕಂಡವರಿಗೆ ಎದುರಿಗೆ ನಿಂತವನ ಲೋಭ ಕಾಣದೆ ಇರಲಿಲ್ಲ. ಕಂಡರೂ ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ನಿನ್ನ ಭಾವ ಶುದ್ಧವಾದ ಮೇಲೆ ಬಾ ಎನ್ನಲಿಲ್ಲ. ಸುಳ್ಳನ್ನೂ ಹೇಳಲಿಲ್ಲ, ಹೇಳಿದ ಷರತ್ತು ಅಕ್ಷರಶಃ ಸತ್ಯ. ಉಂಗುರದ ಆಸೆಗೆ ಬಂದವನನ್ನು ಒಳಗೆ ಕರೆದುಕೊಂಡು ಒಂದೊಂದಾಗಿ ಆಗಮವನ್ನು ಓದಿಸಿದರು. ಓದುತ್ತ ಓದುತ್ತ ಅವನಿಗೆ ತಾನು ಬಂದ ಕಾರಣವೇ ನಗೆಗೀಡೆನ್ನಿಸಿ ನಿಜವಾದ ವೈರಾಗ್ಯ ಮೂಡಿತು. ಸೂರ್ಯಮಿತ್ರ ತನ್ನ ಅಳಿಯಂದಿರಿಗೆ ಮಾಡಿದುದನ್ನೂ ಸುಧರ್ಮರು ಸೂರ್ಯಮಿತ್ರನಿಗೆ ಮಾಡಿದುದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ಇಬ್ಬರೂ ಶಿಷ್ಯನ ದೌರ್ಬಲ್ಯವನ್ನು ಮೊದಲೇ ಕಂಡರು. ಒಬ್ಬನು ಅದಕ್ಕೆ ಹೆದರಿ ಬಾಗಿಲನ್ನು ಅರ್ಧ ಮುಚ್ಚಿದ. ಇನ್ನೊಬ್ಬರು ಆ ದೌರ್ಬಲ್ಯದ ಕೈಯನ್ನೇ ಹಿಡಿದು ಒಳಗೆ ಕರೆತಂದರು.

ಇಲ್ಲಿಂದ ಮುಂದೆ ಕಾಣುವವರು ಬೇರೆಯೇ ಸೂರ್ಯಮಿತ್ರರು. ಭಟ್ಟಾರಕರಾಗಿ ಕೌಶಂಬಿಗೆ ಬಂದು ಚರಿಗೆಗೆಂದು ಹೊರಡುತ್ತಾರೆ. ಯಾರನ್ನು ಒಮ್ಮೆ ಭಿಕ್ಷೆ ಬೇಡಿಸಿದ್ದರೋ ಅವರ ಊರಿನಲ್ಲಿ ಈಗ ತಾವೇ ಆಹಾರಕ್ಕಾಗಿ ಹೊರಟ ಈ ಸನ್ನಿವೇಶದ ಬಗ್ಗೆ ಕಥೆಗಾರ ಟೀಕೆ ಬರೆಯುವುದಿಲ್ಲ, ಓದುಗನೇ ಕಂಡುಕೊಳ್ಳಬೇಕು. ಅಗ್ನಿಭೂತಿ ಭಕ್ತಿಯಿಂದ ಎದುರುಗೊಳ್ಳುತ್ತಾನೆ. ವಾಯುಭೂತಿ ನಮಸ್ಕರಿಸುವುದಿರಲಿ, ಬಾಯಿಗೆ ಬಂದಂತೆ ನಿಂದಿಸುತ್ತಾನೆ. ಅಗ್ನಿಭೂತಿ ನೊಂದು ದೀಕ್ಷೆ ಪಡೆಯುತ್ತಾನೆ. ಅವನ ಹೆಂಡತಿ ಸೋಮದತ್ತೆ, ನಿನ್ನಿಂದಲೇ ಹೀಗಾಯಿತೆಂದು ಮೈದುನನನ್ನು ಆಕ್ಷೇಪಿಸಿದರೆ, ಅವನು ಕಾಲಿನಿಂದ ಒದೆಯುತ್ತಾನೆ. ಮುಂದೊಂದು ಜನ್ಮದಲ್ಲಿ ಆ ಕಾಲನ್ನು ಮಕ್ಕಳೊಡನೆ ತಿನ್ನುವೆನೆಂದು ಅವಳು ನಿದಾನ ಮಾಡುತ್ತಾಳೆ. ಉಜ್ಜಯಿನಿಯ ನರಿ ಹುಟ್ಟಿದ್ದು ಇಲ್ಲಿ. ಒಂದು ಪಾಠಶಾಲೆಯಲ್ಲಿ ಆರದೆ ಉಳಿದ ಕೋಪ ಹೇಗೆ ಮನೆಯೊಳಗಿನ ಹೆಣ್ಣುಮಗಳವರೆಗೆ ಹರಿದು ಹೋಗುತ್ತದೆಂಬುದನ್ನು ಹತ್ತನೆಯ ಶತಮಾನದ ಈ ಗದ್ಯ ಎಷ್ಟು ಸಹಜವಾಗಿ ತೋರಿಸಿದೆ!

ವಾಯುಭೂತಿ ಸತ್ತು ಕೆಲವು ಪ್ರಾಣಿಜನ್ಮಗಳನ್ನು ಕಳೆದು, ಚಂಪಾನಗರದಲ್ಲಿ ಕುರುಡಿಯಾದ ಹೊಲೆಹುಡುಗಿಯಾಗಿ ಹುಟ್ಟುತ್ತಾನೆ. ಕಥೆಯ ಅತ್ಯಂತ ಹೃದ್ಯವಾದ ಭಾಗವಿದು. ಚರಿಗೆಗೆ ಹೊರಟ ಅಗ್ನಿಭೂತಿ ಮುನಿಗಳ ಕಣ್ಣಿಗೆ ದಾರಿಯಲ್ಲಿ ಆ ಮಗು ಬೀಳುತ್ತದೆ. ಕಾರಣ ತಿಳಿಯದೆ ಅವರಲ್ಲಿ ಸ್ನೇಹವೂ ಕರುಣೆಯೂ ಉಕ್ಕಿ ಕಣ್ಣೀರು ಬರುತ್ತದೆ. ಹಿಂದಿರುಗಿ ಗುರುಗಳನ್ನು ಕೇಳುತ್ತಾರೆ. ಸೂರ್ಯಮಿತ್ರರು, ಅವಳು ನಿಮ್ಮ ತಮ್ಮ ವಾಯುಭೂತಿಯೇ, ಆಯುಷ್ಯ ಇನ್ನು ಸ್ವಲ್ಪವೇ ಉಳಿದಿದೆ, ಹೋಗಿ ವ್ರತವನ್ನು ಕೊಟ್ಟು ಬನ್ನಿ ಎಂದು ಕಳುಹಿಸುತ್ತಾರೆ. ಊರು ಮುಟ್ಟದ ಮಗುವಿನ ಬಳಿಗೆ ಮುನಿ ತಾವಾಗಿ ಹಿಂದಿರುಗಿ ಹೋಗುತ್ತಾರೆ. ಅದು ಬೇಡಿ ಬರಲಿಲ್ಲ. ಬರಲು ಅದಕ್ಕೆ ಕಣ್ಣೂ ಇರಲಿಲ್ಲ. ಹಿಂದೆ ಶಿಷ್ಯರು ದೂರದಿಂದ ನಡೆದು ಬಂದಾಗ ಸಂಬಂಧವನ್ನು ಅಲ್ಲಗಳೆದ ಅದೇ ಗುರು, ಈಗ ತನ್ನನ್ನು ಬೈದು ಸತ್ತ ಶಿಷ್ಯನ ಸಂಬಂಧವನ್ನು ತಾನಾಗಿ ಎತ್ತಿ ಹೇಳುತ್ತಿದ್ದಾರೆ.

ಆ ಮಗು ಮರುಜನ್ಮದಲ್ಲಿ ಅದೇ ಊರಿನ ಪುರೋಹಿತ ನಾಗಶರ್ಮನ ಮಗಳು ನಾಗಶ್ರೀ. ಗೆಳತಿಯರೊಡನೆ ನಾಗಪೂಜೆಗೆಂದು ತೋಟಕ್ಕೆ ಬಂದವಳಿಗೆ ಅಲ್ಲಿ ತಂಗಿದ್ದ ಸೂರ್ಯಮಿತ್ರ ಭಟ್ಟಾರಕರು ಧರ್ಮವನ್ನು ತಿಳಿಸಿ ಅಣುವ್ರತಗಳನ್ನು ಕೊಡುತ್ತಾರೆ. ಕೊಟ್ಟು ಒಂದು ಮಾತನ್ನೂ ಸೇರಿಸುತ್ತಾರೆ: ನಿನ್ನ ತಂದೆ ಬಿಡಿಸಿದರೆ ಅಲ್ಲೇ ಬಿಡಬೇಡ, ನಮ್ಮ ವ್ರತವನ್ನು ನಮಗೇ ತಂದೊಪ್ಪಿಸು. ಈ ಚಿಕ್ಕ ಷರತ್ತಿನಲ್ಲಿ ಎಷ್ಟು ಮುಂದಾಲೋಚನೆ! ಮನೆಯಲ್ಲಿ ಏನಾಗುವುದೆಂದು ಅವರಿಗೆ ಗೊತ್ತು. ಮಗು ತಂದೆಯನ್ನು ಎದುರಿಸಿ ನಿಲ್ಲಲಾರದು. ತಂದೆಗೆ ಹೆದರಿ ಗುಟ್ಟಾಗಿ ಪಾಲಿಸಿದರೆ ಅದು ಕಪಟವಾದೀತು. ಎರಡೂ ಆಗದಂತೆ ಒಂದು ದಾರಿಯನ್ನು ಮೊದಲೇ ಬಿಡಿಸಿಟ್ಟರು. ಮನೆಮಂದಿ ಒಪ್ಪದ ಪಾಠವನ್ನು ಮಗುವಿನ ಹೆಗಲ ಮೇಲೆ ಹೊರಿಸಿ ತಾನು ಹಿಂದೆ ಸರಿಯುವ ಗುರುವಲ್ಲ ಇವರು. ಜಗಳ ಬಂದರೆ ನನ್ನ ಬಳಿಗೆ ಬರಲಿ ಎಂದವರು.

ಹಾಗೆಯೇ ಆಯಿತು. ಸಿಟ್ಟಾದ ನಾಗಶರ್ಮ ಮಗಳ ಕೈ ಹಿಡಿದು ವ್ರತಗಳನ್ನು ಹಿಂದಿರುಗಿಸಲು ಹೊರಟ. ದಾರಿಯಲ್ಲಿ ಕೊಂದವನನ್ನು, ಸುಳ್ಳಾಡಿದವನನ್ನು, ಕದ್ದವನನ್ನು, ಹೀಗೆ ಒಬ್ಬೊಬ್ಬರನ್ನಾಗಿ ದಂಡನೆಗೆ ಎಳೆದೊಯ್ಯುವ ನೋಟಗಳು ಎದುರಾದುವು. ಮಗಳು ಪ್ರತಿಯೊಮ್ಮೆ ನಿಂತು ಇವನು ಮಾಡಿದ್ದೇನೆಂದು ಕೇಳುತ್ತಾಳೆ. ಇದನ್ನು ಮಾಡುವುದಿಲ್ಲವೆಂದೇ ಅಲ್ಲವೇ ನಾನು ವ್ರತ ಹಿಡಿದದ್ದು ಎನ್ನುತ್ತಾಳೆ. ತಂದೆ, ಹಾಗಾದರೆ ಅದೊಂದು ಇರಲಿ, ಉಳಿದುವನ್ನು ಹಿಂದಿರುಗಿಸೋಣ ಎನ್ನುತ್ತಾನೆ. ಒಂದೊಂದೇ ಇರಲಿ, ಇರಲಿ ಎನ್ನುತ್ತ ತೋಟವನ್ನು ತಲಪುವಷ್ಟರಲ್ಲಿ ಹಿಂದಿರುಗಿಸಲು ಏನೂ ಉಳಿಯಲಿಲ್ಲ. ಕಥೆಯೊಳಗೆ ಕಥೆ ಸೇರಿ ಈ ಭಾಗ ಉದ್ದವಾಗಿದೆ. ಇಂದಿನ ಓದುಗರಿಗೆ ಬೇಸರ ತರಿಸಿದರೆ ಆಶ್ಚರ್ಯವಿಲ್ಲ. ಆದರೆ ಬೋಧನೆಯ ದೃಷ್ಟಿಯಿಂದ ಇದಕ್ಕಿಂತ ಚೆನ್ನಾದ ಯೋಜನೆ ಅಪರೂಪ. ತೋಟದಲ್ಲಿ ಕೇಳಿದ ಪಾಠಕ್ಕೆ ಬೀದಿಯೇ ವ್ಯಾಖ್ಯಾನ ಬರೆಯಿತು. ಮಗಳ ಜೊತೆಗೆ ತಂದೆಯೂ, ತಾನು ಕಲಿಯುತ್ತಿದ್ದೇನೆಂದು ತಿಳಿಯದೆ, ಕಲಿತ.

ತೋಟಕ್ಕೆ ಬಂದ ನಾಗಶರ್ಮ, ನನ್ನ ಮಗಳಿಗೆ ವ್ರತ ಕೊಡಲು ನೀವು ಯಾರೆಂದು ಗದರಿಸುತ್ತಾನೆ. ಆಗ ಭಟ್ಟಾರಕರು ಆಡಿದುದೇ ಎರಡನೆಯ ಮಾತು. ಇವಳು ನಮ್ಮ ಮಗಳು, ಎಂದರು. ನಾಗಶ್ರೀಯನ್ನು ಕರೆದರು, ಅವಳು ಬಂದು ಬಳಿಯಲ್ಲಿ ಕುಳಿತಳು. ತಂದೆ ಅನ್ಯಾಯವೆಂದು ಕೂಗಿಕೊಂಡ, ಅರಸನೇ ಪರಿವಾರದೊಡನೆ ಬಂದ, ಊರು ನೆರೆಯಿತು. ನಿಮ್ಮ ಮಗಳಾದರೆ ಇವಳಿಗೆ ಏನನ್ನು ಓದಿಸಿದ್ದೀರೆಂಬ ಪ್ರಶ್ನೆ ಬಂದಿತು. ಸೂರ್ಯಮಿತ್ರರು ಅವಳ ತಲೆಯ ಮೇಲೆ ಕೈಯಿಟ್ಟು, ಹಿಂದೆ ರಾಜಗೃಹದಲ್ಲಿ ವಾಯುಭೂತಿಯಾಗಿ ತಮ್ಮಿಂದ ಓದಿದುದನ್ನೆಲ್ಲ ಹೇಳೆಂದರು. ಆ ಹುಡುಗಿ ನಾಲ್ಕು ವೇದಗಳನ್ನೂ ಶಾಸ್ತ್ರಗಳನ್ನೂ ತಡೆಯಿಲ್ಲದೆ ಹೇಳಿದಳು.

ರಾಜಗೃಹದ ಮಾತನ್ನೂ ಚಂಪೆಯ ಮಾತನ್ನೂ ಎದುರುಬದುರಿಗಿಟ್ಟು ನೋಡಬೇಕು. ಅಲ್ಲಿ ರಕ್ತಸಂಬಂಧವಿದ್ದವರನ್ನು ನನ್ನವರಲ್ಲವೆಂದುದು. ಕೇಳಿದವರು ನಂಬಿದರು, ಆದರೆ ಅದು ಸುಳ್ಳು. ಇಲ್ಲಿ ರಕ್ತಸಂಬಂಧವಿಲ್ಲದವಳನ್ನು ನನ್ನ ಮಗಳೆಂದುದು. ಕೇಳಿದವರು ಯಾರೂ ನಂಬಲಿಲ್ಲ, ಆದರೆ ಅದು ಸತ್ಯ. ಮೊದಲನೆಯ ಮಾತನ್ನು ಆಡಿದಾಗ ಅವನು ಶ್ರೀಮಂತ ಪುರೋಹಿತ. ಕೊಡಲು ಬೇಕಾದಷ್ಟಿತ್ತು, ಕೊಡಲಿಲ್ಲ. ಎರಡನೆಯ ಮಾತನ್ನು ಆಡುವಾಗ ಅವರು ದಿಗಂಬರರು. ತಮ್ಮದೆನ್ನಲು ಏನೂ ಇಲ್ಲದವರು ಒಂದು ಮಗುವನ್ನು ತಮ್ಮದೆಂದರು. ಎರಡನ್ನೂ ಹೇಳಿದುದು ಒಂದೇ ಶಿಷ್ಯಜೀವದ ವಿಷಯದಲ್ಲಿ. ಇಷ್ಟು ನಿಖರವಾಗಿ ಒಂದನ್ನೊಂದು ತೂಗುವ ಎರಡು ಪ್ರಸಂಗಗಳು ಆಕಸ್ಮಿಕವಾಗಿ ಬಂದು ಕುಳಿತಿವೆಯೆಂದು ಹೇಳಲಾಗದು. ಮೊದಲ ಮಾತಿನ ಋಣವನ್ನು ಎರಡನೆಯ ಮಾತಿನಿಂದ ತೀರಿಸುವ ಈ ವಿನ್ಯಾಸದಲ್ಲಿ ಕಥೆಗಾರನ ತೀರ್ಪಿದೆ. ವಾಯುಭೂತಿಯ ದ್ವೇಷವನ್ನು ಅವನು ಎಲ್ಲಿಯೂ ಸಮರ್ಥಿಸುವುದಿಲ್ಲ. ಅದಕ್ಕೆ ಬಂದ ಫಲವನ್ನು ಕಠೋರವಾಗಿಯೇ ವರ್ಣಿಸುತ್ತಾನೆ. ಆದರೆ ಆ ದ್ವೇಷದೊಳಗೆ ಹೂತುಹೋಗಿದ್ದ ಹುಡುಗನೊಬ್ಬನ ಕೊರಗನ್ನು, ಇವನು ನನ್ನವನೆಂದು ಯಾರೂ ಹೇಳಲಿಲ್ಲವಲ್ಲಾ ಎಂಬುದನ್ನು, ಉತ್ತರವಿಲ್ಲದೆ ಬಿಟ್ಟಿಲ್ಲ. ಉತ್ತರ ಬರಲು ಹಲವು ಜನ್ಮ ಹಿಡಿಯಿತು.

ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ವಾತ್ಸಲ್ಯವೂ ಒಂದರ ಪಕ್ಕಕ್ಕೆ ಒಂದಿವೆ. ಜಾರಿದವನನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಹಸುವಿಗೆ ಕರುವಿನ ಮೇಲಿರುವಂತಹ ನಿರ್ವ್ಯಾಜ ಪ್ರೀತಿ ವಾತ್ಸಲ್ಯ. ಪುರೋಹಿತ ಸೂರ್ಯಮಿತ್ರನಲ್ಲಿ ಮೊದಲನೆಯದರ ಬೀಜವಿತ್ತು. ಎರಡನೆಯದನ್ನು ಅವನು ಅಪಾಯವೆಂದು ಅಡಗಿಸಿಟ್ಟ. ತತ್ತ್ವಾರ್ಥಸೂತ್ರದಲ್ಲಿ ಜೀವಗಳು ಪರಸ್ಪರ ಉಪಕಾರ ಮಾಡುವುವೆಂದು ಹೇಳುವ ಪ್ರಸಿದ್ಧ ಸೂತ್ರಕ್ಕೆ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಕೊಟ್ಟ ನಿದರ್ಶನಗಳು ಎರಡು: ಒಡೆಯ ಮತ್ತು ಸೇವಕ, ಆಚಾರ್ಯ ಮತ್ತು ಶಿಷ್ಯ. ಒಡೆಯನು ಹಣ ಕೊಟ್ಟು ಉಪಕರಿಸುತ್ತಾನೆ. ಆಚಾರ್ಯನು ಇಹಪರಗಳೆರಡಕ್ಕೂ ಹಿತವಾದುದನ್ನು ಉಪದೇಶಿಸಿ, ಅದರಂತೆ ನಡೆಸಿ ಉಪಕರಿಸುತ್ತಾನೆ. ಶಿಷ್ಯರು ಅವನಿಗೆ ಅನುಕೂಲವಾಗಿ ನಡೆದು ಉಪಕರಿಸುತ್ತಾರೆ. ಸೂತ್ರವನ್ನು ಲಾಂಛನದ ಕೆಳಗೆ ಅಚ್ಚು ಹಾಕಿಸಿ ನಾವು ಸಂತೃಪ್ತರಾಗಿದ್ದೇವೆ. ವ್ಯಾಖ್ಯಾನದಲ್ಲಿರುವ "ನಡೆಸಿ" ಎಂಬ ಅಂಶವನ್ನು ಗಮನಿಸಿದವರು ಕಡಮೆ. ಹೇಳಿಬಿಡುವುದು ಒಡೆಯನೂ ಮಾಡಬಲ್ಲ ಕೆಲಸ. ಜೊತೆಗೆ ನಡೆಯುವುದು ಆಚಾರ್ಯನದು. ಸಂಬಳ, ಪಠ್ಯಕ್ರಮ, ಪರೀಕ್ಷೆಯ ಅಂಕ, ಟ್ಯೂಷನ್ನಿನ ಶುಲ್ಕ ಇವುಗಳಿಂದಲೇ ಶಿಕ್ಷಣವನ್ನು ಅಳೆಯುವ ಇಂದಿನ ಕ್ರಮವು ಪೂಜ್ಯಪಾದರ ಎರಡು ನಿದರ್ಶನಗಳನ್ನೂ ಒಂದೇ ಮಾಡಿಬಿಟ್ಟಿದೆ.

ಕಥೆಯ ಕೊನೆಯ ಭಾಗಕ್ಕೆ ಬಂದರೆ, ಉಜ್ಜಯಿನಿಯ ಯಶೋಭದ್ರೆಯ ಮನೆ. ಮಗನು ಮುನಿಯನ್ನು ಕಂಡರೆ ಮುನಿಯಾಗುವನೆಂದು ಕೇಳಿದ ತಾಯಿ, ಮನೆಯತ್ತ ಮುನಿಗಳು ಸುಳಿಯದಂತೆ ಕಟ್ಟಳೆ ಮಾಡುತ್ತಾಳೆ. ಅರಸನೂ ಕೊಳ್ಳಲಾರದ ರತ್ನಕಂಬಳಿಗಳನ್ನು ಕೊಂಡು ಕತ್ತರಿಸಿ ಸೊಸೆಯರಿಗೆ ಪಾದರಕ್ಷೆ ಮಾಡಿಸುವಷ್ಟು ಸಿರಿ. ಮಗನ ಮೇಲಿನ ಅವಳ ನಿಗಾಕ್ಕೆ ಎಣೆಯಿಲ್ಲ. ಸೋಮಶರ್ಮನ ಮುದ್ದಿನಿಂದ ಆರಂಭವಾದ ಕಥೆ ಯಶೋಭದ್ರೆಯ ಮುದ್ದಿನ ಬಳಿಗೆ ಬಂದು ನಿಂತಿತು. ಅವಳನ್ನು ಮೋಹಾಂಧಳೆಂದು ತಳ್ಳಿಹಾಕುವ ವ್ಯಾಖ್ಯಾನಕಾರರು ಸ್ವಲ್ಪ ನಿರ್ದಯರು. ಕಳೆದುಕೊಳ್ಳುವ ಭಯದಿಂದ ಹುಟ್ಟಿದ ನಿಗಾ ಅದು. ಮಕ್ಕಳನ್ನು ಸಾಕಿದವರಿಗೆ ಅದು ಅರ್ಥವಾಗದ ಭಯವೇನೂ ಅಲ್ಲ. ಆದರೆ ಸೂರ್ಯಮಿತ್ರರ ನಿಗಾ ಈ ಬಗೆಯದಲ್ಲ. ಅದು ಶಿಷ್ಯನನ್ನು ಯಾವುದರಿಂದಲೂ ಮರೆಮಾಡಲಿಲ್ಲ, ಕೌಶಂಬಿಯಲ್ಲಿ ನಿಂದಿಸಲು ಹೊರಟಾಗ ತಡೆಯಲೂ ಇಲ್ಲ. ಮತ್ತೆ ಕಂಡಲ್ಲಿ ಗುರುತಿಸಿತು.

ಸುಕುಮಾರನಿಗೆ ಪ್ರತ್ಯೇಕವಾಗಿ ಪಾಠ ಹೇಳಿದವರು ಯಾರೂ ಇಲ್ಲ. ಉಪ್ಪರಿಗೆಯ ಬಳಿಯ ತೋಟದಲ್ಲಿ ಆಚಾರ್ಯರೊಬ್ಬರು ಸ್ವರ್ಗಲೋಕದ ವರ್ಣನೆಯನ್ನು ಪಠಿಸುತ್ತಿದ್ದ ಧ್ವನಿ ಕಿವಿಗೆ ಬಿದ್ದಿತು, ಅಷ್ಟೇ. ಹಿಂದಿನದೆಲ್ಲ ನೆನಪಾಯಿತು. ನೆನಪಾಗಬೇಕಾದರೆ ಒಳಗೆ ಏನಾದರೂ ಇರಬೇಕಷ್ಟೆ. ಸೂರ್ಯಮಿತ್ರರೂ ಅಗ್ನಿಭೂತಿಗಳೂ ಅದಕ್ಕೆ ಎಷ್ಟೋ ಮೊದಲೇ ಮುಕ್ತರಾಗಿದ್ದರು. ಮನೆಯಿಂದ ಯಾರಿಗೂ ತಿಳಿಯದಂತೆ ಇಳಿದು ಹೋದ ಆ ಕೋಮಲ ಪಾದಗಳಿಂದ ದಾರಿಯುದ್ದಕ್ಕೂ ನೆತ್ತರು ಸುರಿಯಿತು. ಸೋಮದತ್ತೆಯ ನರಿಗೆ ಅದೇ ಗುರುತಾಯಿತು.